ದುರ್ರಾನಿ ಮೊಹರು – ಕಂತು ೭: ಕದಲಿದ ಕಲಶ

"ದೇವೀನ ಕದಲಿಸಿದ್ದು ಯಾರು?"

ಭಾಗೀರಥಿ ಕೇಳಿದ್ದು ಇಷ್ಟೇ. ಡಾಕ್ಟರ್ ದೇವೇಂದ್ರಪ್ಪನವರ ಲೌಂಜಿನಲ್ಲಿದ್ದ ಮೂವರೂ ವರಮಹಾಲಕ್ಷ್ಮಿಯ ಮಂಟಪದತ್ತ ತಿರುಗಿದರು.

"ನಾಣ್ಯ ಕದ್ದವರು ಯಾರು ಅಂತ ಕೇಳಿ ಮೇಡಂ," ಎಂದ ಅಶೋಕ, ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು. "ಕಲಶ ನಾಲ್ಕು ಬೆರಳು ಆಚೆ ಹೋದ್ರೆ ಏನೀಗ? ನಮಗೆ ಬೇಕಾಗಿರೋದು ಗೋಲ್ಡು."

ಭಾಗೀರಥಿ ಅವನತ್ತ ತಿರುಗಿಯೂ ನೋಡಲಿಲ್ಲ. ಲೀಡ್ಸಿನ ಹೆಡಿಂಗ್ಲೀಯಿಂದ ಕಾರು ಓಡಿಸಿಕೊಂಡು ಬಂದು, ಪಂಚೆ ಉಟ್ಟು, ಲ್ಯಾಪ್‌ಟಾಪ್ ನೋಡಿಕೊಂಡು ಮಂತ್ರ ಹೇಳಿದ ಪುರೋಹಿತ ಇವನೇ. ವಾರವೆಲ್ಲ ಸಾಫ್ಟ್‌ವೇರು, ಶನಿವಾರ ಪೌರೋಹಿತ್ಯ. ಅದೂ ಸಾಲದೆಂದು ಹಳೆಯ ನಾಣ್ಯಗಳ ತಜ್ಞ ಬೇರೆ! ಪಾರಸಿಯ ಒಂದಕ್ಷರ ಓದಲು ಬಾರದೆ ಪಾರಸಿ ನಾಣ್ಯಗಳಿಗೆ ಸರ್ಟಿಫಿಕೇಟ್ ಬರೆದುಕೊಟ್ಟ ಮಹಾನುಭಾವ.

ಶುಕ್ರವಾರದ ವರಮಹಾಲಕ್ಷ್ಮಿ ಹಬ್ಬವನ್ನು ಇಲ್ಲಿಯವರ ರೂಢಿಯಂತೆ ಶನಿವಾರಕ್ಕೆ ಎಳೆದು, ಸಟನ್ ಕೋಲ್ಡ್‌ಫೀಲ್ಡಿನ ಈ ಮನೆಯಲ್ಲಿ ಅದ್ದೂರಿ ಪೂಜೆ ನಡೆದಿತ್ತು. ದೇವಿಯ ಪಾದದ ಬಳಿ ಬೆಳ್ಳಿ ತಟ್ಟೆಯಲ್ಲಿ ಡಾಕ್ಟರ ಐದು ಚಿನ್ನದ ಮೊಹರುಗಳಿದ್ದವು. ಭಾನುವಾರ ಬೆಳಿಗ್ಗೆ ತಟ್ಟೆ ಖಾಲಿ.

ಅಂತಿಂಥ ಮೊಹರುಗಳಲ್ಲ. ಪಾಣಿಪತ್ತಿನಲ್ಲಿ ಮರಾಠರಿಗೆ ಮಣ್ಣು ಮುಕ್ಕಿಸಿದ ಅಹಮದ್ ಶಾ ಅಬ್ದಾಲಿ, ಅವನ ಮಗ, ಮೊಮ್ಮಗ, ಹೀಗೆ ಕಂದಹಾರ ಕಾಬೂಲುಗಳನ್ನು ಆಳಿದ ದುರ್ರಾನಿ ಪಠಾಣರು ಟಂಕಿಸಿದ ಗಟ್ಟಿ ಬಂಗಾರ. ಪಾತಾಳದ ಮೀನಿನಿಂದ ಹಿಡಿದು ಆಕಾಶದ ಚಂದ್ರನವರೆಗೆ ಬೆಳ್ಳಿಬಂಗಾರದ ಮೇಲೆ ನಿನ್ನ ಮುದ್ರೆ ಒತ್ತು ಎಂದು ಭಗವಂತನೇ ತನಗೆ ಅಪ್ಪಣೆ ಕೊಟ್ಟನೆಂದು ಅಬ್ದಾಲಿ ತನ್ನ ನಾಣ್ಯದ ಮೇಲೆ ಪಾರಸಿಯಲ್ಲಿ ಬರೆಸಿಕೊಂಡಿದ್ದ. ಅಂಥ ಅಪ್ಪಣೆ ದೇವೇಂದ್ರಪ್ಪನವರಿಗೆ ಯಾರೂ ಕೊಟ್ಟಿರಲಿಲ್ಲ. ಆದರೂ ಬರ್ಮಿಂಗ್‌ಹ್ಯಾಮಿನ ಕನ್ನಡದವರೆಲ್ಲ ಸಾಲಾಗಿ ಬಂದು ಆ ತಟ್ಟೆ ನೋಡಿ ಹೊಟ್ಟೆ ಉರಿದುಕೊಳ್ಳಬೇಕು, ಇವರು ಕೈಕಟ್ಟಿ ನಿಂತು ಅದನ್ನು ನೋಡಿ ತಣ್ಣಗಾಗಬೇಕು. ಇದಕ್ಕೆ ಲಕ್ಷ್ಮೀಪೂಜೆ ಎಂದು ಹೆಸರು.

ಕಳ್ಳಿ ಯಾರೆಂದು ತೀರ್ಮಾನಿಸಲು ಡಾಕ್ಟರಿಗೆ ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಿರಲಿಲ್ಲ. ಲವೀನಾ ಕ್ರಾಸ್ತಾ. ಮಂಗಳೂರಿನ ಹುಡುಗಿ, ಬರ್ಮಿಂಗ್‌ಹ್ಯಾಮಿನಲ್ಲಿ ಆಭರಣ ವಿನ್ಯಾಸದ ಎಂ.ಎ. ಓದುವವಳು. ಹಾರ್ಬೋರ್ನ್‌ನಲ್ಲಿ ಭಾಗೀರಥಿಯ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಕೈ ಎಂದರೆ ಕೈ. ಕಲಶಕ್ಕೆ ಅವಳು ಸೀರೆ ಉಡಿಸಿ ನೆರಿಗೆ ಹಿಡಿದರೆ ದೇವಿ ಈಗ ಎದ್ದು ನಡೆದಾಳು ಎನ್ನಿಸುತ್ತಿತ್ತು. ಹಬ್ಬ ಬಂತೆಂದರೆ ಎಲ್ಲ ಆಂಟಿಯರಿಗೂ ಲವೀನಾ ಬೇಕು. ಕ್ರೈಸ್ತರ ಹುಡುಗಿ ಲಕ್ಷ್ಮಿಗೆ ಸೀರೆ ಉಡಿಸಬಹುದೇ ಎಂದು ಆಗ ಯಾರೂ ಕೇಳಿರಲಿಲ್ಲ. ಇವತ್ತು ಬೆಳಿಗ್ಗೆಯಿಂದ ಮಾತ್ರ ಎಲ್ಲರಿಗೂ ಅವಳ ಕೊರಳಿನ ಶಿಲುಬೆ ಕಾಣತೊಡಗಿದೆ.

"ಮಧ್ಯಾಹ್ನದೊಳಗೆ ನಾಣ್ಯ ಬರ್ಲಿಲ್ಲ ಅಂದ್ರೆ ಪೊಲೀಸ್," ಎಂದು ಡಾಕ್ಟರು ಅವಳಿಗೆ ಫೋನಿನಲ್ಲಿ ಗುಡುಗಿದ್ದರು. ಪೊಲೀಸ್ ಕೇಸಾದರೆ ವೀಸಾ ಹೋಯಿತು. ಸೆಪ್ಟೆಂಬರಿನಲ್ಲಿ ಅವಳ ಅಂತಿಮ ಪ್ರದರ್ಶನ, ಅದೂ ಹೋಯಿತು. ಮಗಳನ್ನು ಓದಿಸಲು ಅವಳ ಅಪ್ಪ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯನ್ನೇ ಮಾರಿ ಕೂತಿದ್ದ. "ನಾನು ತಟ್ಟೆಗೆ ಕೈ ಹಾಕಲಿಲ್ಲ ಆಂಟಿ," ಎಂದಷ್ಟೇ ಹೇಳಿ ಲವೀನಾ ಮೆಟ್ಟಿಲ ಮೇಲೆ ಕುಸಿದಿದ್ದಳು. ಅವಳ ತಲೆ ಸವರಿ, ನೀನು ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರು ಎಂದು ಹೇಳಿ ಭಾಗೀರಥಿ ಕಾರು ಹತ್ತಿದ್ದಳು.

ಭಾಗೀರಥಿ ವಿಮಾ ಕಂಪನಿಯ ನಷ್ಟ ತನಿಖೆಯವಳು. ಸುಟ್ಟ ಅಡುಗೆಮನೆ, ಒಡೆದ ಪೈಪು, ತಾನೇ ತಾನಾಗಿ ಕಳುವಾದ ವಜ್ರದುಂಗುರ, ಇವುಗಳ ನಡುವೆಯೇ ಅವಳ ಅರ್ಧ ಆಯುಸ್ಸು ಕಳೆದಿತ್ತು. ಜನ ಸುಳ್ಳು ಹೇಳುತ್ತಾರೆ ಎಂಬುದು ಅವಳಿಗೆ ಬೇಸರದ ಸಂಗತಿಯಲ್ಲ. ಇಷ್ಟು ಕಳಪೆಯಾಗಿ ಹೇಳುತ್ತಾರಲ್ಲ ಎಂಬುದೇ ಬೇಸರ.

"ಬನ್ನಿ, ಎಲ್ಲರೂ ಬಂದು ನೋಡಿ," ಎಂದು ಮಂಟಪದ ಮುಂದೆ ಮೊಣಕಾಲೂರಿ ಕೂತಳು.

ಆ ವರ್ಷದ ಆಗಸ್ಟಿನ ಸೆಕೆ ಇಂಗ್ಲೆಂಡನ್ನೇ ಬೇಯಿಸುತ್ತಿತ್ತು. ಇಷ್ಟು ದೊಡ್ಡ ಮನೆಯಲ್ಲಿ ಒಂದು ಫ್ಯಾನಿಲ್ಲ. ಮಲ್ಲಿಗೆ ಕಂದಿತ್ತು, ಬಾಳೆಹಣ್ಣು ಕಪ್ಪಾಗಿತ್ತು, ಕಲಶದ ತೆಂಗಿನಕಾಯಿಗೆ ಕಟ್ಟಿದ ಬೆಳ್ಳಿಯ ಮುಖವೊಂದು ಮಾತ್ರ ಏನೂ ಆಗಿಲ್ಲವೆಂಬಂತೆ ನಗುತ್ತಿತ್ತು.

"ಕಲಶ ಇಟ್ಟಿದ್ದು ಅಕ್ಕಿಯ ನಟ್ಟನಡುವೆ. ಅಲ್ವಾ ಉಮಾ?"

ಅಡುಗೆಮನೆಯ ಬಾಗಿಲಲ್ಲಿ ಪಾನಕದ ತಟ್ಟೆ ಹಿಡಿದು ನಿಂತಿದ್ದ ಡಾಕ್ಟರ ಹೆಂಡತಿ ಹೂಂ ಎಂದಳು. ಉಮಾ ಯಾವುದಕ್ಕೂ ಹೂಂ ಎನ್ನುವವಳೇ. ಗಂಡ ಬೈದರೂ ಹೂಂ, ಗಂಡ ಬೊಗಳೆ ಬಿಟ್ಟರೂ ಹೂಂ. ಈ ಹೆಂಗಸು ತನ್ನ ಬೆನ್ನುಮೂಳೆಯನ್ನು ತವರಿನಲ್ಲೇ ಬಿಚ್ಚಿಟ್ಟು ಬಂದಿರಬೇಕು ಎಂದು ಭಾಗೀರಥಿ ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಳು.

"ಈಗ ನೋಡಿ. ನಡುವೆ ಗುಂಡಗೆ ಗುಳಿ ಬಿದ್ದಿದೆ, ಕಲಶ ಅಂಚಿಗೆ ಸರಿದಿದೆ, ಆ ಕಡೆ ಅಕ್ಕಿ ದಿಬ್ಬ ಆಗಿದೆ. ಬೆಕ್ಕು ಗುದ್ದಿದ್ರೆ ಕಲಶ ಬೀಳ್ತಿತ್ತು. ಇದು ಯಾರೋ ಎರಡೂ ಕೈಲಿ ಹಿಡಿದು ಭಯಭಕ್ತಿಯಿಂದ ಸರಿಸಿರೋದು. ಉಮಾ, ನೀವು ವಿಸರ್ಜನೆ ಮಾಡಿದ್ರಾ?"

"ಇಲ್ಲ. ಬೆಳಿಗ್ಗೆ ಮಾಡೋಣ ಅಂತ ಬಂದೆ. ತಟ್ಟೆ ಖಾಲಿ ಇತ್ತು. ಕೂಗ್ಕೊಂಡೆ."

ಅಶೋಕನಿಗೆ ಈಗ ತನ್ನ ಪೌರೋಹಿತ್ಯ ನೆನಪಾಯಿತು. "ಕರೆಕ್ಟ್! ದೇವೀನ ಕದಲಿಸದೇ ಒಂದು ಹೂವನ್ನೂ ತೆಗೆಯೋ ಹಾಗಿಲ್ಲ. ಮೊದಲು ಹೋಗಿ ಬಾರಮ್ಮ ಅಂತ ಕಲಶ ಕದಲಿಸಬೇಕು. ಆಮೇಲೇ ಮುಂದಿಟ್ಟಿದ್ದನ್ನ ಮುಟ್ಟಬಹುದು."

"ಜಾಣರು. ಹಾಗಾದ್ರೆ ನಮ್ಮ ಕಳ್ಳ ಎಂಥವನು ಹೇಳಿ?" ಭಾಗೀರಥಿ ಎದ್ದು ಸೆರಗು ಕೊಡವಿದಳು. "ದೇವಿ ಮುಂದಿರೋ ಚಿನ್ನ ಕದಿಯೋಕೆ ಅವನಿಗೆ ಹೆದರಿಕೆ ಇಲ್ಲ. ಆದರೆ ಕಲಶ ಕದಲಿಸದೆ ಕದಿಯೋಕೆ ಹೆದರಿಕೆ! ಮೊದಲು ದೇವಿಗೆ ಕೈಮುಗಿದು ಬೀಳ್ಕೊಟ್ಟು, ಆಮೇಲೆ ಅವಳ ಪಾದದ ಹತ್ರ ಇದ್ದದ್ದನ್ನ ಜೇಬಿಗೆ ಹಾಕ್ಕೊಂಡಿದ್ದಾನೆ. ಶಾಸ್ತ್ರೋಕ್ತ ಕಳ್ಳತನ. ನನ್ನ ಸರ್ವೀಸಿನಲ್ಲೇ ಇಂಥದ್ದು ನೋಡಿರ್ಲಿಲ್ಲ. ಇದನ್ನ ಮಂಗಳೂರಿನ ಕಥೋಲಿಕ್ ಹುಡುಗಿ ತಲೆಗೆ ಕಟ್ಟೋಕೆ ಹೊರಟಿದೀರಲ್ಲ, ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?"

"ಅವಳು ಎಷ್ಟು ಮನೇಲಿ ಹಬ್ಬ ನೋಡಿಲ್ಲ?" ಡಾಕ್ಟರು ಮೊದಲ ಬಾರಿಗೆ ಬಾಯಿ ತೆರೆದರು. "ಕಲಿತಿರ್ತಾಳೆ."

"ಅವಳು ಅಲಂಕಾರ ಮಾಡಿ ಹೋಗ್ತಾಳೆ. ವಿಸರ್ಜನೆ ಮಾಡೋ ಹೊತ್ತಿಗೆ ಯಾವ ಆಂಟಿಗೆ ಅವಳ ನೆನಪಿರುತ್ತೆ? ಅದೂ ಇರ್ಲಿ, ಇಲ್ಲಿ ನೋಡಿ."

ಸೀರೆಯ ಕೆಳಗಿನ ನೆರಿಗೆಗಳನ್ನು ಲವೀನಾ ಮಣೆಯ ಮೇಲಿನ ಬಿಳಿ ಬಟ್ಟೆಗೆ ಸಣ್ಣ ಸಣ್ಣ ಪಿನ್ನುಗಳಿಂದ ಬಿಗಿದಿದ್ದಳು. ಮಕ್ಕಳು ಓಡಾಡಿ ಎಳೆದರೂ ನೆರಿಗೆ ಕೆಡಬಾರದೆಂದು. ಈಗ ಒಂದು ಪಿನ್ನು ಸೊಟ್ಟಗಾಗಿತ್ತು, ಇನ್ನೊಂದು ಕಿತ್ತು ಬಂದು ರೇಷ್ಮೆಯನ್ನು ಹರಿದಿತ್ತು.

"ಪಿನ್ನು ಹಾಕಿದೋಳಿಗೆ ಪಿನ್ನಿರೋದು ಗೊತ್ತಿರುತ್ತೆ. ಅವಳೇ ಆಗಿದ್ರೆ ಮೊದಲು ಪಿನ್ನು ಬಿಚ್ತಿದ್ಲು. ಈ ಮಹಾಶಯನಿಗೆ ಪಿನ್ನಿರೋದೇ ಗೊತ್ತಿಲ್ಲ. ಕಲಶ ಎಳೆದಿದ್ದಾನೆ, ಕಾಂಜೀವರಂ ಹರಿದಿದೆ."

ಡಾಕ್ಟರು ಹಣೆಯ ಬೆವರನ್ನು ಕರವಸ್ತ್ರದಿಂದ ಒತ್ತಿಕೊಂಡರು. ದೊಡ್ಡ ಮೈಯ ಮನುಷ್ಯ. ಭಾನುವಾರವೂ ಇಸ್ತ್ರಿ ಮುರಿಯದ ಅಂಗಿ. ಮಾತಾಡುವಾಗ ಎದುರಿನವರ ನಾಡಿ ಹಿಡಿದು ನೋಡುತ್ತಿರುವ ಹಾಗೆ ಮುಖ. ಕನ್ನಡ ಸಂಘದ ಸಂಚಿಕೆಯಲ್ಲಿ ಪ್ರತಿ ವರ್ಷ ಮೂಢನಂಬಿಕೆಯ ವಿರುದ್ಧ ಲೇಖನ ಬರೆಯುತ್ತಿದ್ದರು. ವೈಜ್ಞಾನಿಕ ಮನೋಭಾವ ಎಂಬ ಮಾತನ್ನು ಅವರಷ್ಟು ಗಟ್ಟಿಯಾಗಿ ಉಚ್ಚರಿಸುವವರು ಈ ಸೀಮೆಯಲ್ಲೇ ಇನ್ನೊಬ್ಬರಿರಲಿಲ್ಲ.

"ಡಾಕ್ಟ್ರೇ, ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದ್ರಾ?"

"ಇವತ್ತು ಸಂಡೇ."

"ಸಂಡೇನೂ ಫೋನ್ ಎತ್ತುತಾರೆ. ನಿಮ್ಮ ಕಾರಿನ ಕನ್ನಡಿ ಒಡೆದಾಗ ಕ್ರಿಸ್‌ಮಸ್ ದಿನಾನೇ ಅವರನ್ನ ಎಬ್ಬಿಸಿದ್ರಂತೆ. ನೀವೇ ಎಲ್ಲರ ಮುಂದೆ ಹೇಳ್ಕೊಂಡು ನಕ್ಕಿದ್ರಿ. ಹೋಗ್ಲಿ, ಪೊಲೀಸ್ರಿಗೆ?"

"ಆ ಹುಡುಗಿಗೆ ಒಂದು ಅವಕಾಶ ಕೊಡೋಣ ಅಂತ. ಭವಿಷ್ಯದ ಪ್ರಶ್ನೆ ನೋಡಿ."

"ಅಬ್ಬಬ್ಬಾ! ಎಂಥ ದೊಡ್ಡ ಮನಸ್ಸು."

ಚಿನ್ನ ಕಳೆದುಕೊಂಡವನು ಮೊದಲು ವಿಮಾ ಕಂಪನಿಗೆ ಫೋನ್ ಮಾಡುತ್ತಾನೆ, ಆಮೇಲೆ ಪೊಲೀಸರಿಗೆ, ತೀರ ಆಮೇಲೆ ಹೆಂಡತಿಗೆ. ಭಾಗೀರಥಿ ಕಂಡ ಲೋಕ ಇದು. ಇಲ್ಲಿ ಮೊದಲಿನ ಇಬ್ಬರಿಗೂ ಫೋನ್ ಹೋಗಿಲ್ಲ. ಹೋದದ್ದು ಪರದೇಶಿ ಹುಡುಗಿಯೊಬ್ಬಳಿಗೆ, ಮತ್ತೆ ಊರಿನ ಆಂಟಿಯರಿಗೆ.

"ನನ್ನನ್ನ ನೋಡ್ಬೇಡಿ ಮೇಡಂ," ಎಂದ ಅಶೋಕ ತಾನಾಗಿಯೇ. ಯಾರೂ ಅವನನ್ನು ನೋಡಿರಲಿಲ್ಲ. "ರಾತ್ರಿ ನಾನು ಇಲ್ಲೇ ಮಲಗಿದ್ದೆ, ನಿಜ. ಆದರೆ ನಾನು ನಿತ್ಯ ಸಂಧ್ಯಾವಂದನೆ ಮಾಡೋನು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ. ಕಲಶ ಕದಲಿಸೋದು ಯಾವ ದಿಕ್ಕಿಗೆ?"

"ಉತ್ತರಕ್ಕೆ. ಇದೂ ಗೊತ್ತಿಲ್ವಾ?"

"ಈ ಮನೇಲಿ ಉತ್ತರ ಎಲ್ಲಿದೆ?"

ದೇವಿಯ ಎದುರು ನಿಂತಿದ್ದ ಅಶೋಕ ತಟ್ಟನೆ ತನ್ನ ಎಡಗಡೆಗೆ ಕೈ ತೋರಿಸಿದ. ಪೂಜೆಗೆ ಮುಂಚೆ ಉಮಾ ದಿಕ್ಸೂಚಿ ತಂದು ದಿಕ್ಕು ನೋಡಿಯೇ ಮಂಟಪ ಇಡಿಸಿದ್ದಳು. ಗ್ಯಾಸ್ ಫೈರು, ದೊಡ್ಡ ಟೀವಿ ಎಲ್ಲ ಇರುವ ಕೋಣೆ; ದೇವಿಯನ್ನು ಪಶ್ಚಿಮಕ್ಕೆ ಮುಖ ಮಾಡಿ ಕೂರಿಸದೆ ಬೇರೆ ದಾರಿ ಇರಲಿಲ್ಲ. ಕಲಶ ಸರಿದಿದ್ದು ಮಾತ್ರ ಬಲಗಡೆಗೆ, ದಕ್ಷಿಣಕ್ಕೆ.

"ನಿಮ್ಮನ್ನ ಉಳಿಸಿದ್ದು ಅದೇ. ಉಮಾ ಆಗ್ಲಿ ನೀವಾಗ್ಲಿ ದೇವೀನ ದಕ್ಷಿಣಕ್ಕೆ ಕಳಿಸೋ ಜನ ಅಲ್ಲ." ಭಾಗೀರಥಿ ಡಾಕ್ಟರ ಎದುರಿಗೆ ಸ್ಟೂಲು ಎಳೆದು ಕೂತಳು. ದನಿ ಇಳಿಸಿ, ತೀರ ಮನೆಯವಳಂತೆ ಕೇಳಿದಳು. "ನಿಮ್ಮ ತಾಯಿಯವರೂ ಈ ಹಬ್ಬ ಮಾಡ್ತಿದ್ರು ಅಲ್ವಾ ಡಾಕ್ಟ್ರೇ, ಚಿತ್ರದುರ್ಗದಲ್ಲಿ?"

"ಮಾಡ್ತಿದ್ರು. ಹಳೇ ಕಾಲದೋರು."

"ದೇವಿ ಯಾವ ಕಡೆ ಮುಖ ಮಾಡಿರ್ತಿತ್ತು?"

"ಪೂರ್ವಕ್ಕೆ. ದೇವರ ಮನೇನೇ ಹಾಗಿತ್ತು. ಅದೆಲ್ಲ ಈಗ ಯಾಕೆ?"

"ಸುಮ್ನೆ ಕೇಳಿದೆ. ಚಿಕ್ಕೋರಿದ್ದಾಗ ನೋಡಿರ್ತೀರ. ಮಾರನೇ ದಿನ ಅಮ್ಮ ಕಲಶ ಕದಲಿಸುವಾಗ ಎತ್ತ ಸರಿಸ್ತಿದ್ರು?"

"ಎತ್ತ ಅಂದ್ರೆ..." ಡಾಕ್ಟರ ಎರಡೂ ಕೈಗಳು ಗಾಳಿಯಲ್ಲಿ ಕಲಶ ಹಿಡಿದು ಬಲಗಡೆಗೆ ಹೊರಳಿದವು. "ಹೀಗೆ, ಈ ಕಡೆ..."

ಕೈಗಳು ಅಲ್ಲೇ ನಿಂತವು. ಅವುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಡಾಕ್ಟರು ತೊಡೆಯ ಮೇಲೆ ಇಳಿಸಿಕೊಂಡರು.

"ಪೂರ್ವಕ್ಕೆ ಮುಖ ಮಾಡಿದ ದೇವಿ ಎದುರು ಕೂತ್ರೆ ಉತ್ತರ ನಮ್ಮ ಬಲಕ್ಕೆ ಬರುತ್ತೆ," ಎಂದಳು ಭಾಗೀರಥಿ. "ಅಮ್ಮನ ಕೈ ಬಲಕ್ಕೆ ಹೋಗಿದ್ದು ಮಗನಿಗೆ ನೆನಪಿದೆ. ಯಾಕೆ ಹೋಯ್ತು ಅನ್ನೋದು ಗೊತ್ತಿಲ್ಲ. ಇಲ್ಲಿ ದೇವಿ ತಿರುಗಿ ಕೂತಿದ್ದಾಳೆ. ಮಗ ಮಾತ್ರ ಬಲಕ್ಕೇ ಸರಿಸಿದ."

"ನಾನ್ಸೆನ್ಸ್! ನಾನು ಇದನ್ನೆಲ್ಲ ನಂಬೋದೇ ಇಲ್ಲ. ಇಡೀ ಊರಿಗೆ ಗೊತ್ತು."

"ಊರಿಗೆ ಗೊತ್ತು, ದೇವಿಗೆ ಗೊತ್ತಿರ್ಲಿಲ್ಲ ಅನ್ಸುತ್ತೆ. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ. ಬರೆಯೋದು ವಿಚಾರವಾದ, ಕದಿಯುವಾಗ ಕಾಲು ನಡುಗಿ ಅಮ್ಮ ನೆನಪಾದ್ರಾ?"

"ಮೈಂಡ್ ಯುವರ್ ಲ್ಯಾಂಗ್ವೇಜ್! ನನ್ನ ಮನೇಲಿ ನಿಂತು..."

ಅಷ್ಟು ಸಾಕಾಯಿತು. ಬೆಂಗಳೂರಿನವರ ಜೊತೆ ಇದ್ದೂ ಇದ್ದೂ ಭಾಗೀರಥಿಯ ಮಾತಿಗೆ ಹತ್ತಿದ್ದ ನಯವೆಲ್ಲ ಒಂದೇ ಏಟಿಗೆ ಉದುರಿ ಹೋಗಿ, ಧಾರವಾಡದ ಮಂಗಳವಾರಪೇಟೆ ಎದ್ದು ನಿಂತಿತು.

"ಏನ್ ಲ್ಯಾಂಗ್ವೇಜ್ರೀ? ನಿಮ್ಮ ಮನಿ ದೇವರ ಮುಂದಿನ ನಿಮ್ಮ ಬಂಗಾರ ನೀವ ಕದ್ದು, ಆ ಹುಡುಗಿ ಕೊಳ್ಳಿಗೆ ಉರುಲು ಹಾಕೀರಲ್ಲ, ನಾಚಿಕಿ ಬರೂದಿಲ್ಲೇನು ನಿಮಗ? ಅಕಿನ ಅಪ್ಪ ಅಂಗಡಿ ಮಾರಿ ಕಳಿಸ್ಯಾನ ಅಕಿನ್ನ. ನಾಣ್ಯ ತಗೊಂಡ್ ಬರ್ರಿ. ಇಲ್ಲಾಂದ್ರ ಈಗಿಂದೀಗ ನಾನ ಪೊಲೀಸರಿಗೆ ಫೋನ್ ಹಚ್ಚತೀನಿ."

ಡಾಕ್ಟರು ಎದ್ದರು. ಗ್ಯಾರೇಜಿಗೆ ಹೋಗಿ, ಗಾಲ್ಫ್ ಬೂಟುಗಳ ಚೀಲ ತಂದು, ಅದನ್ನು ಕಾಫಿ ಟೇಬಲ್ಲಿನ ಮೇಲೆ ಬೋರಲು ಹಾಕಿದರು. ಐದು ಮೊಹರುಗಳು ಕಣಕಣ ಎಂದು ಗಾಜಿನ ಮೇಲೆ ಬಿದ್ದವು. ಒಂದಕ್ಕೆ ಇನ್ನೂ ಅರಿಶಿನ ಅಂಟಿತ್ತು. ಲಕ್ಷ್ಮಿಯ ಪಾದದಡಿಯಿಂದ ಬೆವರಿನ ಬೂಟಿನೊಳಕ್ಕೆ. ಅಬ್ದಾಲಿ ಕಂಡಿದ್ದರೆ ಇವನನ್ನು ಪಾಣಿಪತ್ತಿನವರೆಗೂ ಎಳೆದುಕೊಂಡು ಹೋಗುತ್ತಿದ್ದ.

"ಯಾಕೆ ಸರ್?" ಅಶೋಕನ ದನಿ ಕೀರಲಾಗಿತ್ತು. "ನಿಮ್ಮದೇ ಅಲ್ವಾ?"

"ನಕಲಿ."

"ಏನು?"

"ನಕಲಿ ಕಣಯ್ಯಾ! ಫೇಕ್! ಹಿತ್ತಾಳೆ!" ಡಾಕ್ಟರು ಒಂದು ಮೊಹರು ಎತ್ತಿ ಅವನ ಎದೆಗೆ ಎಸೆದರು. "ಆಗಸ್ಟ್ ಹದಿನೈದಕ್ಕೆ ಸಂಘದಲ್ಲಿ ಪ್ರದರ್ಶನ ಅಂತ ಕರಪತ್ರ ಹಂಚಿದ್ದೀವಿ. ಮ್ಯಾಂಚೆಸ್ಟರಿನ ಆ ನಾಣ್ಯಶಾಸ್ತ್ರದ ಪ್ರೊಫೆಸರು ಮುಖ್ಯ ಅತಿಥಿ. ಅವನು ಕೈಗೆ ತಗೊಂಡು ಮಾತಾಡ್ತಾನೆ. ಅದಕ್ಕೆ ಮೊದಲು ಅಂತ ತೂಕ ಹಾಕಿ ನೋಡಿದೆ. ಅರ್ಧ ಭಾರಾನೂ ಇಲ್ಲ. ನೀನು ಸರ್ಟಿಫಿಕೇಟ್ ಕೊಟ್ಟೆಯಲ್ಲ, ಮಹಾ ಎಕ್ಸ್‌ಪರ್ಟು!"

"ನಾನು ಆವತ್ತು ನೋಡಿದ್ದು ಅಸಲಿನೇ ಸರ್. ದೇವರಾಣೆಗೂ."

"ಬಾಯ್ಮುಚ್ಚು."

ಭಾಗೀರಥಿಗೆ ನಗು ಬಂತು, ಜೊತೆಗೇ ಹೇಸಿಗೆಯೂ ಬಂತು. ಇಷ್ಟೇ ಕಥೆ. ಮೆರೆಯಲು ತಂದದ್ದು ಹಿತ್ತಾಳೆಯಾಯಿತು. ನಾಲ್ಕು ಜನರ ಮುಂದೆ ಮುಖ ಸಣ್ಣದಾಗಬಾರದೆಂದು ದೊಡ್ಡ ಡಾಕ್ಟರು ಕಳ್ಳರಾದರು. ಹಬ್ಬಕ್ಕೆ ಇಡೀ ಊರು ಬರುತ್ತದೆ, ಕಳುವಾಯಿತು ಎಂದರೆ ಯಾರಾದರೂ ನಂಬುತ್ತಾರೆ. ನಕಲಿ ನಾಣ್ಯದ ಮಾನ ಉಳಿಸಲು ಅಸಲಿ ಹುಡುಗಿಯೊಬ್ಬಳು ಹಾಳಾದರೆ ಆಗಲಿ.

"ಕಳ್ಳಿ ಅಂತ ಅವಳ ಹೆಸರು ಯಾಕೆ ಹೇಳಿದ್ರಿ?"

"ಯಾರದಾದ್ರೂ ಹೇಳ್ಬೇಕಿತ್ತಲ್ಲ," ಎಂದರು ಡಾಕ್ಟರು. ಆ ಮಾತಿನಲ್ಲಿ ತಪ್ಪೇನಿದೆ ಎಂದು ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ನಾನೇನು ಪೊಲೀಸಿಗೆ ಹೋಗ್ತಿದ್ನಾ? ನಾಲ್ಕು ದಿನ ಮಾತಾಡಿ ಜನ ಮರೆತುಬಿಡ್ತಿದ್ರು."

"ನಿಮಗೆ ಈ ಹಿತ್ತಾಳೆ ಮಾರಿದವನು ಯಾರು?"

"ಅದೆಲ್ಲ ಈಗ ಯಾಕೆ? ನಂಬಿ ಮೋಸ ಹೋದೆ. ಬಿಡಿ."

ಮೋಸ ಹೋದವನು ಮೋಸ ಮಾಡಿದವನ ವಂಶವನ್ನೇ ಎತ್ತಿ ಬೈಯುತ್ತಾನೆ. ಈ ಮನುಷ್ಯ ಅಶೋಕನನ್ನು ಬೈದ, ಲವೀನಾಳನ್ನು ಬೈದ, ಮಾರಿದವನ ಸುದ್ದಿ ಮಾತ್ರ ಎತ್ತಲಿಲ್ಲ. ಭಾಗೀರಥಿಗೆ ಅದು ಒಂದು ಕ್ಷಣ ಚುಚ್ಚಿತು. ಆದರೆ ಗೆದ್ದ ಸಂತೋಷ ದೊಡ್ಡದಿತ್ತು. ಮನೆಗೆ ಹೋಗಿ ಆ ಹುಡುಗಿಗೆ ಬಿಸಿ ಅನ್ನ ಮಾಡಿ ಬಡಿಸಬೇಕು ಎಂದು ಮನಸ್ಸು ಆಗಲೇ ಹೊರಟು ನಿಂತಿತ್ತು.

"ಫೋನ್ ತಗೊಳ್ಳಿ. ಲವೀನಾ ಜೊತೆ ಮಾತಾಡಿ, ತಪ್ಪಾಯ್ತು ಅನ್ನಿ. ಆಮೇಲೆ ಬೆಳಿಗ್ಗೆಯಿಂದ ಯಾರ್ಯಾರಿಗೆ ಅವಳ ಹೆಸರು ಹೇಳಿದೀರೋ ಅಷ್ಟೂ ಮನೆಗೆ. ನಾನು ಇಲ್ಲೇ ಕೂತು ಕೇಳ್ತೀನಿ."

ಡಾಕ್ಟರು ಫೋನಿನತ್ತ ಕೈ ಚಾಚುವ ಮೊದಲೇ ಭಾಗೀರಥಿಯ ಕೈಚೀಲದಲ್ಲಿದ್ದ ಮೊಬೈಲು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

"ಆಂಟಿ, ನಾನು ಲವೀನಾ. ಇಲ್ಲಿ ಪೊಲೀಸ್ ಸ್ಟೇಷನಿಂದ ಮಾತಾಡ್ತಿದ್ದೇನೆ."

"ಅಯ್ಯೋ ಲವೀನಾ, ಪೊಲೀಸ್ ಸ್ಟೇಷನ್ನಿಗೆ ಯಾಕೆ ಹೋದೆ? ಎಲ್ಲ ಮುಗೀತು ಪುಟ್ಟಾ. ಕಳ್ಳ ಸಿಕ್ಕಿದ. ನೀನು ಆರಾಮಾಗಿ..."

"ನಾಣ್ಯ ಕೊಟ್ಟುಬಿಟ್ಟೆ ಆಂಟಿ. ಐದೂ."

ಭಾಗೀರಥಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. "ಯಾವ ನಾಣ್ಯ? ಐದೂ ಇಲ್ಲೇ ನನ್ನ ಮುಂದೆ ಇದಾವೆ."

"ಅದು ನಾನು ಮಾಡಿದ್ದು," ಎಂದಳು ಲವೀನಾ. ಅಳುತ್ತಿರಲಿಲ್ಲ. ಅಳು ಮುಗಿದ ಮೇಲಿನ ದನಿ. "ಕಾಲೇಜಿನ ವರ್ಕ್‌ಶಾಪಲ್ಲಿ ಅಚ್ಚು ತೆಗೆದು, ಹಿತ್ತಾಳೆಯಲ್ಲಿ ಎರಕ ಹೊಯ್ದು, ಚಿನ್ನದ ನೀರು ಕೊಟ್ಟದ್ದು. ಅಸಲಿದ್ದು ಇಷ್ಟು ದಿನ ನನ್ನ ಹತ್ರವೇ ಇತ್ತು. ಮಧ್ಯಾಹ್ನದ ಒಳಗೆ ಕೊಡದಿದ್ರೆ ಅಂತ ಡಾಕ್ಟ್ರು ಹೇಳಿದ್ರಲ್ಲ ಆಂಟಿ, ಅದಕ್ಕೆ ತಂದು ಕೊಟ್ಟೆ."

"ಅಸಲಿ ನಿನ್ನ ಹತ್ರ ಇತ್ತಾ?"

ಭಾಗೀರಥಿ ಅದನ್ನು ಗಟ್ಟಿಯಾಗಿ ಹೇಳಬಾರದಿತ್ತು. ಅವಳಿಗೆ ತಡೆಯಲಾಗಲಿಲ್ಲ. ಈ ಊರಿನ ಕನ್ನಡದವರಲ್ಲಿ ಅವಳು ಮನಸ್ಸಿನಲ್ಲೂ ಹಗುರವಾಗಿ ಕಾಣದೆ ಇದ್ದ ಒಂದೇ ಜೀವ ಈ ಹುಡುಗಿ.

ಡಾಕ್ಟರಿಗೆ ಕೇಳಿಸಿದ್ದು ಒಂದೇ ಶಬ್ದ.

"ಅಸಲಿ?" ಅವರು ಜಿಗಿದೆದ್ದರು. ಬೆವರಿದ ಮುಖದ ಮೇಲೆ ಮಗುವಿನಂಥ ನಗು ಹರಡಿತು. "ಅಸಲಿ ಇದೆಯಾ? ಹಾಗಾದ್ರೆ ನನ್ನವು ಅಸಲಿ! ಅಶೋಕ್, ಕೇಳಿದ್ಯಾ? ನಾನು ಮೋಸ ಹೋಗಿಲ್ಲ!"

"ನಾನು ಹೇಳ್ಲಿಲ್ವಾ ಸರ್! ನನ್ನ ಸರ್ಟಿಫಿಕೇಟ್ ಇದೆ ಸರ್!"

"ಅದನ್ನೇ ತಗೋ. ಪೊಲೀಸ್ರಿಗೆ ತೋರಿಸಿ ನಾಣ್ಯ ಈಗಲೇ ಬಿಡಿಸ್ಕೊಂಡು ಬರೋಣ. ನೋಡಿದ್ರಾ ಭಾಗೀರಥಿಯವರೇ, ನಾನು ಹೇಳಿದ್ದೇ ಸರಿ ಆಯ್ತು. ಅವಳೇ ಕಳ್ಳಿ!"

ಇಬ್ಬರೂ ಕಾರಿನ ಕೀಲಿ ಹುಡುಕುತ್ತ ಹಜಾರಕ್ಕೆ ಓಡಿದರು. ಐದು ನಿಮಿಷದ ಹಿಂದೆ ಮಾನ ಕಳೆದುಕೊಂಡಿದ್ದ ಮನುಷ್ಯನಿಗೆ ಅದು ನೆನಪೂ ಇರಲಿಲ್ಲ. ಚಿನ್ನವೊಂದು ಸಿಕ್ಕಿದರೆ ಸಾಕು, ಇಂಥವರಿಗೆ ಮಾನ ತಾನಾಗಿಯೇ ವಾಪಸು ಬರುತ್ತದೆ.

"ಲವೀನಾ," ಎಂದಳು ಭಾಗೀರಥಿ. "ಯಾಕೆ ಹೀಗೆ ಮಾಡಿದೆ? ಯಾರು ಮಾಡಿಸಿದ್ರು?"

ಲವೀನಾ ದನಿ ತಗ್ಗಿಸಿದಳು.

"ಉಮಾ ಆಂಟಿ ನಿಮ್ಮ ಹತ್ರ ಇದ್ದಾರಾ?"

"ಇದ್ದಾರೆ."

"ಹಾಗಾದ್ರೆ ನಾನು ಏನೂ ಹೇಳುವುದಿಲ್ಲ. ನಾನೇ ತೆಗೆದದ್ದು ಅಂತ ಬರೆದುಕೊಟ್ಟಿದ್ದೇನೆ. ನೀವು ಬರಬೇಡಿ ಆಂಟಿ."

ಲೈನು ಕಡಿಯಿತು.

ಭಾಗೀರಥಿ ತಲೆ ಎತ್ತಿದಳು. ಉಮಾ ಪಾನಕದ ತಟ್ಟೆಯನ್ನು ಟೇಬಲ್ಲಿನ ಮೇಲೆ ಇಟ್ಟು, ಹಿತ್ತಾಳೆಯ ಮೊಹರುಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿ ಜೋಡಿಸುತ್ತಿದ್ದಳು. ಇಷ್ಟು ವರ್ಷ ಈ ಮನೆಗೆ ಬಂದು ಹೋದ ಭಾಗೀರಥಿ ಈ ಹೆಂಗಸಿನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನೋಡಲು ಅಲ್ಲಿ ಏನೂ ಇಲ್ಲವೆಂದುಕೊಂಡಿದ್ದಳು.

"ಸೋಮವಾರದವರೆಗೆ ತಡ್ಕೋ ಅಂದಿದ್ದೆ," ಎಂದಳು ಉಮಾ ಮೆಲ್ಲಗೆ. "ಇವರು ಪೊಲೀಸಿಗೆ ಹೋಗಲ್ಲ, ಸುಮ್ನೆ ಹೆದರಿಸ್ತಾರೆ ಅಂತ ನನಗೆ ಗೊತ್ತಿತ್ತು. ಆ ಮಗುಗೆ ಗೊತ್ತಾಗ್ಲಿಲ್ಲ."

"ಉಮಾ, ಏನು ಹೇಳ್ತಿದೀರಿ ನೀವು?"

"ಇವರು ಅವನ್ನ ಕೊಂಡುಕೊಂಡಿದ್ದಲ್ಲ ಭಾಗೀರಥಿ. ನರ್ಸಿಂಗ್ ಹೋಮಿನಲ್ಲಿ ಸಾಯ್ತಾ ಬಿದ್ದಿದ್ದ ಒಬ್ಬ ಪಠಾಣ ಮುದುಕನ ತಲೆದಿಂಬಿನ ಕೆಳಗಿಂದ ತೆಗೆದಿದ್ದು. ವಂಶದ ಆಸ್ತಿ, ಮಗಳಿಗೆ ಕೊಡಿ ಅಂತ ಅವನು ಇವರ ಕೈ ಹಿಡಿದು ಹೇಳಿದ್ದನಂತೆ. ಇವರು ಕೊಡ್ಲೇ ಇಲ್ಲ, ತಾವೇ ಇಟ್ಕೊಂಡ್ರು. ಆ ಮಗಳು ನಾಳೆ ಬರ್ತಾಳೆ. ಅವಳಿಗೆ ಅಸಲಿ ಕೊಟ್ಟು, ಇವರಿಗೆ ಹಿತ್ತಾಳೆ ಬಿಡೋಣ ಅಂತ ನಾನೇ ಮಾಡಿಸಿದೆ." ಉಮಾ ಕೊನೆಯ ಮೊಹರನ್ನು ಸಾಲಿಗಿಟ್ಟಳು. "ಯಾರ ಮುಂದೂ ನನ್ನ ಹೆಸರು ಹೇಳಲ್ಲ ಅಂತ ಆ ಹುಡುಗಿ ಶಿಲುಬೆ ಮುಟ್ಟಿ ಆಣೆ ಮಾಡಿದ್ದಾಳೆ. ಜೈಲಿಗೆ ಹಾಕಿದ್ರೂ ಹೇಳಲ್ಲ."

ಹೊರಗೆ ಡಾಕ್ಟರ ಕಾರು ಸ್ಟಾರ್ಟ್ ಆಯಿತು.